ಒಂದು ಯಂತ್ರ, ಹಲವು ಸಂಸಾರ: ವರ್ಚುವಲ್ ಯಂತ್ರ ಉದ್ಯಮಕ್ಕೆ ಬಂದ ಬಗೆ

ಒಂದೇ ಕಂಪ್ಯೂಟರಿನ ಸಂಸ್ಕಾರಕ, ಸ್ಮೃತಿ, ಡಿಸ್ಕು ಮತ್ತು ಜಾಲಸಂಪರ್ಕಗಳನ್ನು ತಂತ್ರಾಂಶದ ಮೂಲಕ ಪಾಲು ಮಾಡಿ, ಪ್ರತಿಯೊಂದು ಪಾಲೂ ತಾನೇ ಒಂದು ಪೂರ್ಣ ಕಂಪ್ಯೂಟರ್ ಎಂಬಂತೆ ನಡೆದುಕೊಳ್ಳುವ ಹಾಗೆ ಮಾಡುವ ವಿಧಾನವನ್ನು ವರ್ಚುವಲೈಸೇಶನ್ ಎಂದೂ, ಹಾಗೆ ಹುಟ್ಟಿದ ಪಾಲನ್ನು ವರ್ಚುವಲ್ ಯಂತ್ರ ಎಂದೂ ಕರೆಯುತ್ತಾರೆ. ಹಳೆಯ ಮೈಸೂರು ಸೀಮೆಯ ವಠಾರಗಳಲ್ಲಿ ಒಂದೇ ಅಂಗಳವನ್ನೂ ಒಂದೇ ಬಾವಿಯನ್ನೂ ನೆಚ್ಚಿಕೊಂಡು ಹಲವು ಸಂಸಾರಗಳು ತಂತಮ್ಮ ಬಾಗಿಲು ಹಾಕಿಕೊಂಡು ಬಾಳುತ್ತಿದ್ದಂತೆ, ಇಲ್ಲಿಯೂ ಹಲವು ಕಾರ್ಯಾಚರಣಾ ವ್ಯವಸ್ಥೆಗಳು ಒಂದರ ಗೊಡವೆ ಇನ್ನೊಂದಕ್ಕಿಲ್ಲದೆ ಒಂದೇ ಯಂತ್ರದಲ್ಲಿ ನೆಲೆಸುತ್ತವೆ. ಯಾರಿಗೆ ಎಷ್ಟು ಪಾಲು, ಯಾರ ಸರದಿ ಯಾವಾಗ ಎಂಬುದನ್ನು ನಿರ್ಧರಿಸುವ ಮಾಲೀಕನ ಕೆಲಸವನ್ನು ಹೈಪರ್‌ವೈಸರ್ ಎಂಬ ತಂತ್ರಾಂಶ ನಿರ್ವಹಿಸುತ್ತದೆ. ಉದ್ಯಮ ಜಗತ್ತು ಈ ವ್ಯವಸ್ಥೆಯನ್ನು ಎರಡು ಸಲ ಕಂಡುಕೊಂಡಿತು ಎಂಬುದು ಇದರ ಇತಿಹಾಸದ ವಿಶೇಷ. ಮೊದಲ ಸಲ ಯಂತ್ರಗಳು ವಿಪರೀತ ದುಬಾರಿಯಾಗಿದ್ದವು, ಎರಡನೆಯ ಸಲ ಅವು ವಿಪರೀತ ಅಗ್ಗವಾಗಿ ಕೋಣೆ ತುಂಬಿಕೊಂಡಿದ್ದವು. ಎರಡು ಸಲವೂ ಅದು ಮುಖ್ಯವಾಗಿ ಉಳಿತಾಯದ ಹೆಸರಿನಲ್ಲಿ ಮಾರಾಟವಾಯಿತು. ನೆಲೆಯೂರಿದ್ದು ಮಾತ್ರ ಮಾರಾಟಗಾರರು ಮೊದಲಿಗೆ ಅಷ್ಟಾಗಿ ಒತ್ತಿ ಹೇಳದ ಪ್ರಯೋಜನಗಳಿಂದ.

1960ರ ದಶಕದ ಆರಂಭದಲ್ಲಿ ಕಂಪ್ಯೂಟರ್ ಎಂದರೆ ಹವಾನಿಯಂತ್ರಿತ ಸಭಾಂಗಣದಲ್ಲಿ ಕುಳಿತ, ತಿಂಗಳ ಬಾಡಿಗೆಯ ಮೇಲೆ ಬರುತ್ತಿದ್ದ ದೈತ್ಯ ಯಂತ್ರವಾಗಿತ್ತು. ಕೆಲಸ ಮಾಡಿಸಬೇಕಾದವರು ತೂತು ಕೊರೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು, ಗಂಟೆಗಟ್ಟಲೆ ಕಾದು, ಒಂದು ಅಲ್ಪವಿರಾಮ ತಪ್ಪಿದ್ದಕ್ಕೆ ಇಡೀ ಕೆಲಸ ನಿಂತುಹೋದ ವರದಿಯನ್ನು ಮರುದಿನ ಪಡೆಯುವುದು ವಾಡಿಕೆಯಾಗಿತ್ತು. ಇದಕ್ಕೆ ಪರಿಹಾರವಾಗಿ, ಯಂತ್ರದ ಕಾಲವನ್ನು ಅತಿ ಸಣ್ಣ ಚೂರುಗಳಾಗಿ ಒಡೆದು ಹಲವು ಬಳಕೆದಾರರಿಗೆ ಸರದಿಯಂತೆ ಹಂಚುವ ಕಾಲಹಂಚಿಕೆ ಪದ್ಧತಿಯನ್ನು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ, ಅಂದರೆ ಎಂಐಟಿಯಲ್ಲಿ, ಫರ್ನಾಂಡೊ ಕೊರ್ಬಾಟೊ ಅವರ ತಂಡ 1961ರಲ್ಲಿ ಪ್ರದರ್ಶಿಸಿತು. ಆ ಸಂಸ್ಥೆ ತನ್ನ ಮುಂದಿನ ದೊಡ್ಡ ಯೋಜನೆಗೆ 1964ರಲ್ಲಿ ಐಬಿಎಂನ ಯಂತ್ರವನ್ನು ಬಿಟ್ಟು ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರವನ್ನು ಆರಿಸಿಕೊಂಡಾಗ ಐಬಿಎಂಗೆ ಆದ ಮುಖಭಂಗವೇ ವರ್ಚುವಲ್ ಯಂತ್ರದ ಹುಟ್ಟಿಗೆ ಒಂದು ಕಾರಣವಾಯಿತು.

ಎಂಐಟಿಯ ಮಗ್ಗುಲಲ್ಲೇ ಐಬಿಎಂ ಅದೇ ವರ್ಷ ತೆರೆದಿದ್ದ ಕೇಂಬ್ರಿಜ್ ವೈಜ್ಞಾನಿಕ ಕೇಂದ್ರದಲ್ಲಿ ನಾರ್ಮನ್ ರಾಸ್ಮುಸ್ಸೆನ್ ಅವರ ಆಶ್ರಯದಲ್ಲಿ ರಾಬರ್ಟ್ ಕ್ರೀಸಿ, ಲೆಸ್ ಕೊಮೊ ಮುಂತಾದವರ ಒಂದು ಸಣ್ಣ ಗುಂಪು ಕಾಲಹಂಚಿಕೆಯ ಸಮಸ್ಯೆಯನ್ನು ಬೇರೆಯೇ ತುದಿಯಿಂದ ಹಿಡಿಯಿತು. ಹಲವು ಬಳಕೆದಾರರನ್ನು ಸಂಭಾಳಿಸಬಲ್ಲ ಒಂದು ಬೃಹತ್ ಕಾರ್ಯಾಚರಣಾ ವ್ಯವಸ್ಥೆಯನ್ನು ಬರೆಯುವ ಬದಲು, ಪ್ರತಿ ಬಳಕೆದಾರನಿಗೂ ಒಂದು ಇಡೀ ಯಂತ್ರವೇ ದೊರೆತಂತೆ ತೋರಿಸಿ, ಆ ತೋರಿಕೆಯ ಯಂತ್ರದ ಮೇಲೆ ಒಬ್ಬನೇ ಬಳಸುವಂಥ ಸರಳ ವ್ಯವಸ್ಥೆಯೊಂದನ್ನು ಓಡಿಸಿದರೆ ಸಾಕು ಎಂಬುದು ಅವರ ಯುಕ್ತಿಯಾಗಿತ್ತು. ಐಬಿಎಂನ ಸಿಸ್ಟಂ 360 ಸರಣಿಯ 40ನೆಯ ಮಾದರಿಗೆ ಸ್ಮೃತಿಯ ವಿಳಾಸಗಳನ್ನು ಭಾಷಾಂತರಿಸುವ ವಿಶೇಷ ಯಂತ್ರಾಂಶವನ್ನು ಜೋಡಿಸಿ ಅವರು ಸಿದ್ಧಪಡಿಸಿದ ಸಿಪಿ-40 ಎಂಬ ವ್ಯವಸ್ಥೆ 1967ರ ಆರಂಭದ ಹೊತ್ತಿಗೆ ನಿತ್ಯಬಳಕೆಗೆ ಬಂದಿತು. ಅದರಲ್ಲಿ ತಲಾ 256 ಕಿಲೋಬೈಟ್ ಸ್ಮೃತಿಯ 14 ವರ್ಚುವಲ್ ಯಂತ್ರಗಳಿಗೆ ಅವಕಾಶವಿತ್ತು.

ಈ ಯಂತ್ರಗಳ ತೋರಿಕೆ ಎಷ್ಟು ಪಕ್ಕಾ ಆಗಿತ್ತೆಂದರೆ, ಪ್ರತಿಯೊಂದಕ್ಕೂ ಇಲ್ಲದ ಕಾರ್ಡ್ ಓದುಗವೂ ಇಲ್ಲದ ಕಾರ್ಡ್ ಕೊರೆಯುವ ಯಂತ್ರವೂ ಇದ್ದವು. ಒಬ್ಬ ಬಳಕೆದಾರ ಇನ್ನೊಬ್ಬನಿಗೆ ಕಡತ ಕಳಿಸಬೇಕಾದರೆ ಅದನ್ನು ತನ್ನ ಕಾಲ್ಪನಿಕ ಯಂತ್ರದಲ್ಲಿ ಕಾರ್ಡುಗಳಾಗಿ ಕೊರೆಸುತ್ತಿದ್ದ; ಸಿಪಿ ಆ ಕಾಲ್ಪನಿಕ ಕಾರ್ಡುಗಳನ್ನು ಡಿಸ್ಕಿನಲ್ಲಿ ಕೂಡಿಟ್ಟು, ಮತ್ತೊಬ್ಬನ ಕಾಲ್ಪನಿಕ ಓದುಗಕ್ಕೆ ತಂದು ಸುರಿಯುತ್ತಿತ್ತು. ಒಂದು ಹಾಳೆಯೂ ಅಲ್ಲಾಡದೆ ಕಾರ್ಡುಗಳ ಕಟ್ಟು ಕೈಬದಲಾಗುತ್ತಿದ್ದ ಈ ಏರ್ಪಾಡು ಈಗ ವಿಚಿತ್ರವಾಗಿ ಕಂಡರೂ, ಇರುವ ಸಾಧನದ ನಡವಳಿಕೆಯನ್ನು ಚಾಚೂ ತಪ್ಪದೆ ಅನುಕರಿಸಿದರೆ ಅದರ ಮೇಲಿನ ತಂತ್ರಾಂಶವನ್ನು ತಿದ್ದುವ ಅಗತ್ಯವೇ ಬೀಳುವುದಿಲ್ಲ ಎಂಬ ತತ್ವ ಇಂದಿನ ಹೈಪರ್‌ವೈಸರ್‌ಗಳಲ್ಲೂ ಮುಂದುವರಿದಿದೆ.

ಐಬಿಎಂ ತನ್ನ ಅಧಿಕೃತ ಕಾಲಹಂಚಿಕೆ ವ್ಯವಸ್ಥೆಯಾದ ಟಿಎಸ್‌ಎಸ್ 360ರ ಮೇಲೆ ಅಪಾರ ಜನ, ಹಣ ಸುರಿದು ಏಗುತ್ತಿದ್ದಾಗ, ಬೆರಳೆಣಿಕೆಯ ಜನರು ಬರೆದ ಸಿಪಿ-67 ಎಂಬ ಮುಂದಿನ ಆವೃತ್ತಿ ಗ್ರಾಹಕರ ಕೈಯಲ್ಲಿ ಸರಾಗವಾಗಿ ನಡೆಯುತ್ತಿತ್ತು. ಕಂಪನಿ ಅದನ್ನು ಯಾವ ಹೊಣೆಯನ್ನೂ ಹೊರದೆ, ಮೂಲಸಂಕೇತದ ಸಮೇತ ಕೊಡುತ್ತಿದ್ದುದರಿಂದ ಗ್ರಾಹಕರೇ ತಿದ್ದಿ ಬೆಳೆಸಿದರು. 1968ರಲ್ಲಿ ಹುಟ್ಟಿದ ನ್ಯಾಷನಲ್ ಸಿಎಸ್‌ಎಸ್, ಇಂಟರಾಕ್ಟಿವ್ ಡೇಟಾ ಕಾರ್ಪೊರೇಷನ್ ಎಂಬ ಸಂಸ್ಥೆಗಳು ಇದನ್ನೇ ಬಂಡವಾಳ ಮಾಡಿಕೊಂಡು ಯಂತ್ರದ ಕಾಲವನ್ನು ದೂರವಾಣಿ ತಂತಿಯ ಮೂಲಕ ಚಿಲ್ಲರೆಯಾಗಿ ಮಾರತೊಡಗಿದವು. ನಾಲ್ಕು ದಶಕಗಳ ಬಳಿಕ ಕ್ಲೌಡ್ ಎಂಬ ಹೆಸರಿನಲ್ಲಿ ಹೊಸದೆಂಬಂತೆ ಬಂದ ವ್ಯಾಪಾರದ ರೂಪುರೇಷೆ ಇಲ್ಲಿಯೇ ಇತ್ತು. 1972ರ ಆಗಸ್ಟ್ 2ರಂದು ಐಬಿಎಂ ವಿಎಂ 370 ಎಂಬ ಹೆಸರಿನಲ್ಲಿ ಇದನ್ನು ಅಧಿಕೃತ ಸರಕಾಗಿ ಪ್ರಕಟಿಸಿತು. ಬ್ಯಾಂಕು, ವಿಮಾ ಕಂಪನಿಗಳಿಗೆ ಇದು ಇಷ್ಟವಾದದ್ದಕ್ಕೆ ಯಂತ್ರದ ಉಳಿತಾಯ ಒಂದು ಕಾರಣವಷ್ಟೇ. ಹಳೆಯ ಕಾರ್ಯಾಚರಣಾ ವ್ಯವಸ್ಥೆಯಿಂದ ಹೊಸದಕ್ಕೆ ಹಾರಬೇಕಾದ ಸಂಸ್ಥೆಯೊಂದು ಎರಡನ್ನೂ ಒಂದೇ ಯಂತ್ರದಲ್ಲಿ ಅಕ್ಕಪಕ್ಕದಲ್ಲಿ ಓಡಿಸುತ್ತ, ಸಂಬಳದ ಪಟ್ಟಿ ನಿಲ್ಲದ ಹಾಗೆ ಹೊಸದನ್ನು ಪರೀಕ್ಷಿಸುತ್ತ, ಒಂದೊಂದೇ ಕೆಲಸವನ್ನು ದಾಟಿಸಬಹುದಾಗಿದ್ದುದೇ ಅದರ ನಿಜವಾದ ಆಕರ್ಷಣೆಯಾಗಿತ್ತು. ಹೀಗಿದ್ದರೂ ಐಬಿಎಂನ ಆಡಳಿತ ಎಂವಿಎಸ್ ಎಂಬ ತನ್ನ ಇನ್ನೊಂದು ವ್ಯವಸ್ಥೆಯ ಮೇಲಿನ ಒಲವಿನಿಂದ 1970ರ ದಶಕದ ನಡುವಿನಲ್ಲಿ ಈ ತಂಡವನ್ನು ಮ್ಯಾಸಚೂಸೆಟ್ಸ್‌ನಿಂದ ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಗೆ ಎತ್ತಂಗಡಿ ಮಾಡಿತು. ಊರು ಬಿಡಲೊಲ್ಲದ ಹಲವರು ಅಲ್ಲೇ ಹತ್ತಿರವಿದ್ದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯನ್ನು ಸೇರಿಕೊಂಡರು. ವಿಎಂ ಅಳಿಯದೆ ಉಳಿದದ್ದು ಹೆಚ್ಚಾಗಿ ಗ್ರಾಹಕರ ಹಟದಿಂದ.

ಕನ್ನಡನಾಡಿಗೆ ಈ ಮೊದಲ ಅಧ್ಯಾಯದ ಬಿಸಿ ತಟ್ಟಲಿಲ್ಲ. ಬೆಂಗಳೂರಿನ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ 1970ರ ದಶಕದ ಆರಂಭದಲ್ಲಿ ಬಂದದ್ದು 360ರ ಸರಣಿಯದೇ ಆದ 44ನೆಯ ಮಾದರಿ. ವೈಜ್ಞಾನಿಕ ಲೆಕ್ಕಾಚಾರಕ್ಕೆಂದು ರೂಪಿಸಿದ್ದ ಆ ಯಂತ್ರದಲ್ಲಿ ವರ್ಚುವಲ್ ಯಂತ್ರಗಳಿಗೆ ಬೇಕಾದ ವಿಳಾಸ ಭಾಷಾಂತರದ ಯಂತ್ರಾಂಶ ಇರಲಿಲ್ಲ. 1978ರಲ್ಲಿ ಐಬಿಎಂ ಭಾರತದಿಂದಲೇ ಕಾಲ್ತೆಗೆಯಿತು.

ಈ ನಡುವೆ, 1974ರಲ್ಲಿ, ಜೆರಾಲ್ಡ್ ಪೊಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು, ಯಾವ ಬಗೆಯ ಸಂಸ್ಕಾರಕದ ಮೇಲೆ ವರ್ಚುವಲ್ ಯಂತ್ರವನ್ನು ಕಟ್ಟಬಹುದು ಎಂಬುದಕ್ಕೆ ಒಂದು ಸೂತ್ರವನ್ನು ಪ್ರಕಟಿಸಿದರು. ಯಂತ್ರದ ಒಟ್ಟು ಸ್ಥಿತಿಯನ್ನು ಬದಲಿಸುವ ಅಥವಾ ಬಯಲುಮಾಡುವ ಪ್ರತಿ ಆಜ್ಞೆಯೂ, ಅಧಿಕಾರವಿಲ್ಲದ ತಂತ್ರಾಂಶ ಅದನ್ನು ಪ್ರಯೋಗಿಸಿದೊಡನೆ ತಡೆದು ನಿಂತು ಮೇಲಧಿಕಾರಿಗೆ ಸುದ್ದಿ ಮುಟ್ಟಿಸುವಂತಿರಬೇಕು ಎಂಬುದು ಅದರ ಸಾರ. ಹಾಗೆ ತಡೆದು ನಿಂತಾಗ ಹೈಪರ್‌ವೈಸರ್ ಮಧ್ಯೆ ಬಂದು, ಆ ಆಜ್ಞೆಯ ಪರಿಣಾಮ ಇಡೀ ಯಂತ್ರಕ್ಕೆ ತಾಗದಂತೆ, ಕೇಳಿದ ವರ್ಚುವಲ್ ಯಂತ್ರಕ್ಕಷ್ಟೇ ತಾಗುವಂತೆ ನಟಿಸಿ ಮುಗಿಸುತ್ತದೆ. ಮುಂದೆ ಜಗತ್ತನ್ನೇ ಆವರಿಸಿದ ಇಂಟೆಲ್‌ನ ಎಕ್ಸ್86 ಸಂಸ್ಕಾರಕಗಳು ಈ ಪರೀಕ್ಷೆಯಲ್ಲಿ ನಪಾಸಾದವು. ಅವುಗಳಲ್ಲಿ ಇಂಥ 17 ಆಜ್ಞೆಗಳು ತಡೆದು ನಿಲ್ಲುವುದಿಲ್ಲವೆಂದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಪಟ್ಟಿಮಾಡಿತು. ಪಾಪ್ಎಫ್ ಎಂಬ ಆಜ್ಞೆ ಇದಕ್ಕೆ ಒಳ್ಳೆಯ ನಿದರ್ಶನ: ಕಾರ್ಯಾಚರಣಾ ವ್ಯವಸ್ಥೆಯು ಹೊರಗಿನ ಸಾಧನಗಳ ಕರೆಗೆ ಕಿವುಡಾಗಬೇಕೋ ಬೇಡವೋ ಎಂಬುದನ್ನು ಅದರ ಮೂಲಕ ಬದಲಿಸಲು ಯತ್ನಿಸಿದಾಗ, ಅಧಿಕಾರವಿಲ್ಲದ ಸ್ಥಿತಿಯಲ್ಲಿ ಸಂಸ್ಕಾರಕ ತಕರಾರನ್ನೂ ಎತ್ತದೆ, ಹೇಳಿದ್ದನ್ನೂ ಮಾಡದೆ ಸುಮ್ಮನೆ ಮುಂದೆ ಸಾಗುತ್ತದೆ. ಬದಲಾಯಿಸಿದೆನೆಂದು ನಂಬಿದ ವ್ಯವಸ್ಥೆ ಅಲ್ಲಿಂದಾಚೆಗೆ ಎಲ್ಲಿ ಬೇಕಾದರೂ ಮುಗ್ಗರಿಸಬಹುದು.

ಈ ತೊಡಕನ್ನು ಬಿಡಿಸಿದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಗುಂಪು. ಅಲ್ಲಿ ಮೆಂಡೆಲ್ ರೋಸೆನ್‌ಬ್ಲಮ್ ಹಾಗೂ ಅವರ ವಿದ್ಯಾರ್ಥಿಗಳಾದ ಎಡ್ವರ್ಡ್ ಬುನ್ಯೋನ್, ಸ್ಕಾಟ್ ಡಿವೈನ್ ಅವರು 1997ರಲ್ಲಿ ಡಿಸ್ಕೊ ಎಂಬ ಸಂಶೋಧನಾ ವ್ಯವಸ್ಥೆಯ ಮೂಲಕ ಐಬಿಎಂನ ಹಳೆಯ ವಿಚಾರಕ್ಕೆ ಮರುಜೀವ ಕೊಟ್ಟು, ಮರುವರ್ಷ ಡಯಾನ್ ಗ್ರೀನ್ ಮತ್ತು ಎಡ್ವರ್ಡ್ ವಾಂಗ್ ಅವರೊಡನೆ ಸೇರಿ ವಿಎಂವೇರ್ ಕಂಪನಿಯನ್ನು ಸ್ಥಾಪಿಸಿದರು. ಅತಿಥಿ ವ್ಯವಸ್ಥೆಯ, ಅಂದರೆ ವರ್ಚುವಲ್ ಯಂತ್ರದೊಳಗೆ ನಡೆಯುವ ಕಾರ್ಯಾಚರಣಾ ವ್ಯವಸ್ಥೆಯ, ಆಜ್ಞೆಗಳನ್ನು ಓಡುವ ಹೊತ್ತಿನಲ್ಲೇ ಓದಿ, ನಿರುಪದ್ರವಿಗಳನ್ನು ನೇರವಾಗಿ ಬಿಟ್ಟು, ತಂಟೆಕೋರ ಆಜ್ಞೆಗಳನ್ನು ಮಾತ್ರ ಸುರಕ್ಷಿತ ಸಂಕೇತವಾಗಿ ಮರುಬರೆಯುವ ಕ್ರಮವನ್ನು ಅವರು ಅನುಸರಿಸಿದರು. 1999ರಲ್ಲಿ ಬಂದ ಅವರ ಮೊದಲ ಉತ್ಪನ್ನ ತಂತ್ರಾಂಶ ಬರೆಯುವವರ ಮೇಜಿಗೆ ಮೀಸಲಾಗಿತ್ತು. 2001ರಲ್ಲಿ ಸರ್ವರ್‌ಗಳಿಗೆಂದೇ ಇಎಸ್‌ಎಕ್ಸ್ ಬಂದಿತು.

ಆ ಹೊತ್ತಿಗೆ ಉದ್ಯಮಗಳ ಸರ್ವರ್ ಕೋಣೆಗಳು ಒಂದು ವಿಚಿತ್ರ ಸಮೃದ್ಧಿಯಿಂದ ನರಳುತ್ತಿದ್ದವು. ವಿಂಡೋಸ್ ಎನ್‌ಟಿಯ ಮೇಲೆ ಎರಡು ತಂತ್ರಾಂಶಗಳನ್ನು ಒಟ್ಟಿಗೆ ಹೂಡಿದರೆ ಒಂದರ ಸಹಾಯಕ ಕಡತಗಳನ್ನು ಇನ್ನೊಂದು ಅಳಿಸಿ ಬರೆದು ಎರಡೂ ಕೆಡುವ ಭಯವಿದ್ದುದರಿಂದ, ಅಂಚೆಗೊಂದು, ಮುದ್ರಣಕ್ಕೊಂದು, ಲೆಕ್ಕಪತ್ರಕ್ಕೊಂದು ಎಂಬಂತೆ ಒಂದು ಕೆಲಸಕ್ಕೆ ಒಂದು ಸರ್ವರ್ ಕೊಳ್ಳುವುದು ರೂಢಿಯಾಗಿತ್ತು. ಹೀಗೆ ಸಾಲಾಗಿ ನಿಂತ ಯಂತ್ರಗಳ ಸಾಮರ್ಥ್ಯದಲ್ಲಿ ಬಳಕೆಯಾಗುತ್ತಿದ್ದದ್ದು ಸಾಮಾನ್ಯವಾಗಿ ಶೇ. 5ರಿಂದ 15 ಎಂದು ಆಗಿನ ಅಂದಾಜುಗಳು ಹೇಳುತ್ತಿದ್ದವು; ಆದರೆ ಸುಮ್ಮನೆ ಕುಳಿತ ಯಂತ್ರವೂ ವಿದ್ಯುತ್ತನ್ನು ಹೀರುತ್ತಿತ್ತು, ಅದನ್ನು ತಣ್ಣಗಿಡಲು ಮತ್ತಷ್ಟು ವಿದ್ಯುತ್ತು ಬೇಕಾಗುತ್ತಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2007ರಲ್ಲಿ ಅಲ್ಲಿನ ಸಂಸತ್ತಿಗೆ ಒಪ್ಪಿಸಿದ ವರದಿಯ ಪ್ರಕಾರ ಆ ದೇಶದ ಸರ್ವರ್‌ಗಳು ಮತ್ತು ದತ್ತಾಂಶ ಕೇಂದ್ರಗಳು 2006ರಲ್ಲಿ ಸುಮಾರು 6,100 ಕೋಟಿ ಯೂನಿಟ್ ವಿದ್ಯುತ್ತನ್ನು, ಎಂದರೆ ದೇಶದ ಒಟ್ಟು ಬಳಕೆಯ ಶೇ. 1.5ರಷ್ಟನ್ನು, ನುಂಗಿದ್ದವು. ಕ್ಯಾಲಿಫೋರ್ನಿಯಾದ ವಿದ್ಯುತ್ ಕಂಪನಿಯಾದ ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್, ವರ್ಚುವಲೈಸೇಶನ್ ಮೂಲಕ ಸರ್ವರ್‌ಗಳನ್ನು ಕಡಿಮೆ ಮಾಡಿದ ಗ್ರಾಹಕರಿಗೆ 2006ರಿಂದ ಹಣವನ್ನೇ ಹಿಂದಿರುಗಿಸತೊಡಗಿತು. ಕರೆಂಟು ಮಾರುವವರೇ ಕಡಿಮೆ ಬಳಸಿರೆಂದು ದುಡ್ಡು ಕೊಡುವುದು ವಿರಳ ದೃಶ್ಯವೇ ಸರಿ.

ಆದ್ದರಿಂದ ಕ್ರೋಡೀಕರಣ, ಅಂದರೆ ಹತ್ತಾರು ಸರ್ವರ್‌ಗಳ ಕೆಲಸವನ್ನು ಒಂದೆರಡಕ್ಕೆ ಇಳಿಸುವುದು, ಈ ಕಾಲದ ಮೂಲಮಂತ್ರವಾಯಿತು. ಮೈಕ್ರೋಸಾಫ್ಟ್ 2004ರ ಕೊನೆಗೆ ಎನ್‌ಟಿ 4.0 ಸರ್ವರ್‌ಗೆ ಬೆಂಬಲ ನಿಲ್ಲಿಸಿದಾಗ, ಹೊಸ ಯಂತ್ರಾಂಶದ ಮೇಲೆ ಕೂರದ ಆದರೆ ಬಿಸಾಡಲೂ ಆಗದ ಹಳೆಯ ತಂತ್ರಾಂಶಗಳು ಎಷ್ಟೋ ಕಚೇರಿಗಳಲ್ಲಿ ಉಳಿದಿದ್ದವು. ಅವುಗಳ ಡಿಸ್ಕನ್ನು ಇದ್ದಂತೆಯೇ ನಕಲಿಸಿ ವರ್ಚುವಲ್ ಯಂತ್ರವಾಗಿಸುವ ಉಪಕರಣಗಳು ಬಂದಾಗ ಅವುಗಳ ಆಯುಷ್ಯ ಬೆಳೆಯಿತು. ಸ್ಪರ್ಧೆಯೂ ಬೆಳೆಯಿತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ 2003ರಲ್ಲಿ ಹೊರಬಂದ ಝೆನ್ ಎಂಬ ಹೈಪರ್‌ವೈಸರ್, ಅತಿಥಿ ವ್ಯವಸ್ಥೆಯನ್ನೇ ಕೊಂಚ ತಿದ್ದಿ ಹೈಪರ್‌ವೈಸರ್‌ನೊಡನೆ ನೇರವಾಗಿ ಮಾತಾಡುವಂತೆ ಮಾಡಿತು. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಸಂಸ್ಕಾರಕದೊಳಗೇ ಇದಕ್ಕೆ ಬೇಕಾದ ಬೆಂಬಲವನ್ನು ಅಳವಡಿಸಿ ಹಳೆಯ ನ್ಯೂನತೆಯನ್ನು ತುಂಬಿಕೊಟ್ಟವು. 2007ರಲ್ಲಿ ಲಿನಕ್ಸ್‌ನ ತಿರುಳಿಗೇ ಕೆವಿಎಂ ಎಂಬ ಹೈಪರ್‌ವೈಸರ್ ಸೇರಿತು. 2008ರಲ್ಲಿ ಮೈಕ್ರೋಸಾಫ್ಟ್ ಹೈಪರ್-ವಿಯನ್ನು ತಂದಿತು.

ಆದರೆ ವಿಎಂವೇರ್ 2003ರಲ್ಲಿ ಹೊರತಂದ ವಿಮೋಷನ್ ಎಂಬ ಸೌಲಭ್ಯವೇ ಈ ಇತಿಹಾಸದ ನಿಜವಾದ ತಿರುವು ಎನ್ನಬೇಕು. ಓಡುತ್ತಿರುವ ವರ್ಚುವಲ್ ಯಂತ್ರವನ್ನು ನಿಲ್ಲಿಸದೆ ಒಂದು ಸರ್ವರ್‌ನಿಂದ ಮತ್ತೊಂದಕ್ಕೆ ಸಾಗಿಸುವ ಈ ಕ್ರಮದಲ್ಲಿ ಮೊದಲು ಅದರ ಸ್ಮೃತಿಯ ಪುಟಗಳೆಲ್ಲ ಜಾಲದ ಮೂಲಕ ಆಚೆಯ ಯಂತ್ರಕ್ಕೆ ನಕಲಾಗುತ್ತವೆ. ನಕಲಾಗುವಷ್ಟರಲ್ಲಿ ಬದಲಾದ ಪುಟಗಳನ್ನು ಗುರುತಿಟ್ಟುಕೊಂಡು ಎರಡನೆಯ ಸುತ್ತಿನಲ್ಲಿ ಅವನ್ನಷ್ಟೇ ಕಳಿಸುತ್ತಾರೆ, ಆ ಅವಧಿಯಲ್ಲಿ ಬದಲಾದವನ್ನು ಮೂರನೆಯ ಸುತ್ತಿನಲ್ಲಿ. ಹೀಗೆ ಉಳಿಕೆ ತೀರ ಸಣ್ಣದಾದಾಗ ಯಂತ್ರವನ್ನು ಕ್ಷಣಮಾತ್ರ ತಡೆದು, ಕೊನೆಯ ಪುಟಗಳನ್ನೂ ಸಂಸ್ಕಾರಕದ ಸ್ಥಿತಿಯನ್ನೂ ದಾಟಿಸಿ, ಆಚೆ ಕಡೆ ಓಟ ಮುಂದುವರಿಸುತ್ತಾರೆ. ಇನ್ನು ಮುಂದೆ ಈ ವಿಳಾಸ ಇಲ್ಲಿದೆ ಎಂದು ಜಾಲದ ಸ್ವಿಚ್ಚುಗಳಿಗೆ ಹೊಸ ಯಂತ್ರ ಸಾರಿಬಿಟ್ಟರೆ ಮುಗಿಯಿತು. ಡಿಸ್ಕು ಎರಡೂ ಸರ್ವರ್‌ಗಳಿಗೆ ಸಾಮಾನ್ಯವಾದ ಸಂಗ್ರಹದಲ್ಲಿ ಇರುವುದರಿಂದ ಅದು ಕದಲುವುದೇ ಇಲ್ಲ. ಬ್ಯಾಂಕಿನ ಕಿಟಕಿಯಲ್ಲಿ ಕುಳಿತ ಗುಮಾಸ್ತನಿಗೆ ತನ್ನ ಲೆಕ್ಕಪತ್ರದ ಸರ್ವರ್ ಊಟದ ಹೊತ್ತಿಗೆ ಮುಂಚೆ ಒಂದು ಪೆಟ್ಟಿಗೆಯಲ್ಲಿಯೂ ಆಮೇಲೆ ಇನ್ನೊಂದರಲ್ಲಿಯೂ ಇದ್ದುದು ಗೊತ್ತಾಗುವುದಿಲ್ಲ. ಸ್ಮೃತಿಯ ಪಟ್ಟಿ ಬದಲಿಸಲು, ಫ್ಯಾನು ಸರಿಪಡಿಸಲು ಭಾನುವಾರ ನಡುರಾತ್ರಿಯವರೆಗೆ ಕಾಯುತ್ತಿದ್ದ ಸಿಬ್ಬಂದಿಗೆ ಹಗಲಿನಲ್ಲೇ ಆ ಕೆಲಸ ಮಾಡುವ ಸ್ವಾತಂತ್ರ್ಯ ದೊರೆತದ್ದನ್ನು ಯಾವ ವೆಚ್ಚಪಟ್ಟಿಯೂ ಸರಿಯಾಗಿ ಅಳೆಯಲಾರದು.

ಇದರ ಬುಡದಲ್ಲಿರುವ ಸಂಗತಿ ಸರಳವಾದದ್ದು: ಯಂತ್ರ ಎಂಬುದು ಒಂದು ಕಡತವಾಗಿಬಿಟ್ಟಿತು. ಕಡತವನ್ನು ನಕಲಿಸಬಹುದು, ಹಿಂದಿನ ಸ್ಥಿತಿಗೆ ಮರಳಿಸಬಹುದು, ನೂರಾರು ಮೈಲಿ ದೂರದ ಕೇಂದ್ರಕ್ಕೆ ರವಾನಿಸಬಹುದು. ಮೊದಲು ವಿಪತ್ತಿನ ಕಾಲಕ್ಕೆಂದು ಎರಡನೆಯ ಕೇಂದ್ರವನ್ನು ಸಜ್ಜುಗೊಳಿಸುವ ಸಂಸ್ಥೆ ಅದೇ ಕಂಪನಿಯ ಅದೇ ಮಾದರಿಯ ಯಂತ್ರಗಳನ್ನು ಅಲ್ಲಿಯೂ ಕೊಂಡಿಡಬೇಕಾಗುತ್ತಿತ್ತು. ವರ್ಚುವಲ್ ಯಂತ್ರಕ್ಕೆ ಕಾಣುವ ಸಾಧನಗಳು ಎಲ್ಲೆಡೆಯೂ ಒಂದೇ ಆದ್ದರಿಂದ ಆ ಕಟ್ಟುಪಾಡು ಸಡಿಲಿತು, ಮಧ್ಯಮ ಗಾತ್ರದ ಕಂಪನಿಗಳಿಗೂ ಎರಡನೆಯ ಕೇಂದ್ರ ಕೈಗೆಟುಕಿತು. ಹೊಸ ಸರ್ವರ್ ಬೇಕೆಂದರೆ ದರಪಟ್ಟಿ, ಮಂಜೂರಾತಿ, ಸಾಗಣೆ, ಜೋಡಣೆ ಎಂದು ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ನಿಮಿಷಗಳಿಗೆ ಇಳಿಯಿತು. ಇದರ ಅಡ್ಡಪರಿಣಾಮವೂ ಬೇಗನೆ ಕಾಣಿಸಿಕೊಂಡಿತು. ಬಿಟ್ಟಿ ಸಿಕ್ಕಂತೆ ತೋರುವ ಸರ್ವರ್‌ಗಳನ್ನು ಇಲಾಖೆಗಳು ಕೇಳಿ ಪಡೆದು, ಬಳಸಿ, ಮರೆತವು. ಯಾರೂ ಹೊಣೆಹೊರದ, ಯಾರಿಗೂ ಅಳಿಸುವ ಧೈರ್ಯವಿಲ್ಲದ ಇಂಥ ಯಂತ್ರಗಳ ಸಂತೆ ಉಳಿತಾಯವನ್ನು ಮೆಲ್ಲಮೆಲ್ಲನೆ ತಿಂದುಹಾಕಿತು. ಹಲವು ಸಂಸ್ಥೆಗಳಲ್ಲಿ ಕಬ್ಬಿಣದ ಪೆಟ್ಟಿಗೆಗಳು ಕಡಿಮೆಯಾದವು, ನೋಡಿಕೊಳ್ಳಬೇಕಾದ ಸರ್ವರ್‌ಗಳ ಒಟ್ಟು ಸಂಖ್ಯೆ ಮಾತ್ರ ಏರಿತು.

ಇದೇ ತರ್ಕವನ್ನು ನೌಕರರ ಮೇಜಿನ ಕಂಪ್ಯೂಟರಿಗೂ ಹಚ್ಚುವ ಪ್ರಯತ್ನಕ್ಕೆ ಬೇರೆಯದೇ ವಂಶಾವಳಿಯಿದೆ. ಐಬಿಎಂ ಬಿಟ್ಟುಬಂದ ಎಡ್ ಯಾಕೊಬುಚಿ 1989ರಲ್ಲಿ ಸ್ಥಾಪಿಸಿದ ಸಿಟ್ರಿಕ್ಸ್, ಒಂದೇ ವಿಂಡೋಸ್ ಸರ್ವರ್‌ನಲ್ಲಿ ಹಲವರು ಕುಳಿತು ಕೆಲಸ ಮಾಡಿ, ಪರದೆಯ ಚಿತ್ರವನ್ನಷ್ಟೇ ದೂರದಿಂದ ಕಾಣುವ ವಿನ್‌ಫ್ರೇಮ್ ಉತ್ಪನ್ನವನ್ನು 1995ರಲ್ಲಿ ತಂದಿತು; 1998ರಲ್ಲಿ ಮೈಕ್ರೋಸಾಫ್ಟ್ ಕೂಡ ಅದೇ ತಂತ್ರವನ್ನು ಪರವಾನಗಿ ಪಡೆದು ಟರ್ಮಿನಲ್ ಸರ್ವರ್ ರೂಪದಲ್ಲಿ ಮಾರಿತು. ಪ್ರತಿ ನೌಕರನಿಗೂ ದತ್ತಾಂಶ ಕೇಂದ್ರದಲ್ಲಿ ಒಂದು ಪ್ರತ್ಯೇಕ ವರ್ಚುವಲ್ ಡೆಸ್ಕ್‌ಟಾಪ್ ಇಡುವ, ಸಂಕ್ಷೇಪದಲ್ಲಿ ವಿಡಿಐ ಎಂದು ಕರೆಯುವ ವ್ಯವಸ್ಥೆ 2006ರ ನಂತರ ಪ್ರಚಾರಕ್ಕೆ ಬಂದಾಗ, ಮೇಜಿನ ಮೇಲೆ ಅಗ್ಗದ ಪೆಟ್ಟಿಗೆಗಳೇ ಸಾಕು ಎಂಬ ಆಸೆ ಹುಟ್ಟಿತು. ಆಸೆ ಕೈಗೂಡಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಸಾವಿರ ನೌಕರರು ಒಮ್ಮೆಲೇ ಲಾಗಿನ್ ಆದಾಗ ಸಾವಿರ ವಿಂಡೋಸ್‌ಗಳು ಒಂದೇ ಸಂಗ್ರಹದ ಮೇಲೆ ಮುಗಿಬಿದ್ದು, ತಿರುಗುವ ಡಿಸ್ಕುಗಳು ಏದುಸಿರು ಬಿಡುತ್ತಿದ್ದವು. ಫ್ಲ್ಯಾಶ್ ಸಂಗ್ರಹ ಅಗ್ಗವಾಗುವ ತನಕ ಈ ಬೆಳಗಿನ ಗೋಳು ತೀರಲಿಲ್ಲ. ಮೇಲಾಗಿ ಮೈಕ್ರೋಸಾಫ್ಟ್ 2010ರಿಂದ, ತನ್ನ ನಿರ್ವಹಣಾ ಒಪ್ಪಂದವಿಲ್ಲದ ಸಾಧನದಿಂದ ಇಂಥ ಡೆಸ್ಕ್‌ಟಾಪನ್ನು ಬಳಸಲು ಸಾಧನವೊಂದಕ್ಕೆ ವರ್ಷಕ್ಕೆ 100 ಡಾಲರ್ ಪರವಾನಗಿ ಶುಲ್ಕ ವಿಧಿಸಿತು. ಹಣದ ಲೆಕ್ಕದಲ್ಲಿ ವಿಡಿಐ ಸಾಧಾರಣ ಡೆಸ್ಕ್‌ಟಾಪನ್ನು ಸೋಲಿಸಿದ್ದು ಅಪರೂಪ.

ಅದು ಗೆದ್ದದ್ದು ಗೋಪ್ಯತೆಯ ಲೆಕ್ಕದಲ್ಲಿ. ವಿದೇಶೀ ಬ್ಯಾಂಕುಗಳ, ವಿಮಾ ಕಂಪನಿಗಳ ಕೆಲಸ ಮಾಡಿಕೊಡುವ ಬೆಂಗಳೂರಿನ ಉದ್ಯಮಕ್ಕೆ, ದತ್ತಾಂಶವು ಗ್ರಾಹಕನ ಕೇಂದ್ರವನ್ನು ಬಿಟ್ಟು ಹೊರಬಾರದೆ, ನೌಕರನ ಪರದೆಯಲ್ಲಿ ಅದರ ಚಿತ್ರ ಮಾತ್ರ ಮೂಡುವ ಏರ್ಪಾಡು ಹೇಳಿ ಮಾಡಿಸಿದಂತಿತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಇದರ ಪರೀಕ್ಷೆ ನಡೆಯಿತು. ಮನೆಯಿಂದ ಕೆಲಸ ಮಾಡುವುದಕ್ಕೆ ಅಡ್ಡಿಯಾಗಿದ್ದ, ‘ಇತರ ಸೇವಾದಾತರು’ ಎಂಬ ವರ್ಗಕ್ಕೆ ಸೇರಿದ ಇಂಥ ಕಂಪನಿಗಳ ಮೇಲಿನ ಷರತ್ತುಗಳನ್ನು ದೂರಸಂಪರ್ಕ ಇಲಾಖೆ ತುರ್ತಾಗಿ ಸಡಿಲಿಸಿತು. ವರ್ಚುವಲ್ ಡೆಸ್ಕ್‌ಟಾಪ್ ಇದ್ದ ತಂಡಗಳು ಮನೆಯ ಲ್ಯಾಪ್‌ಟಾಪಿನಿಂದಲೇ ಹಿಂದಿನ ದಿನದ ಪರದೆಗೆ ಮರಳಿದವು, ಇಲ್ಲದ ತಂಡಗಳಿಗೆ ಕಚೇರಿಯ ಕಂಪ್ಯೂಟರುಗಳನ್ನೇ ವಾಹನದಲ್ಲಿ ಹೇರಿ ಮನೆ ಮನೆಗೆ ಮುಟ್ಟಿಸಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ಸರ್ಕಾರ ಆ ನಿಯಮಗಳನ್ನು ಕಾಯಮ್ಮಾಗಿ ಹಗುರಗೊಳಿಸಿತು.

ಕಬ್ಬಿಣದ ಬಂಧನದಿಂದ ಕೆಲಸ ಬಿಡುಗಡೆಯಾದಂತೆ ಅದು ಹೈಪರ್‌ವೈಸರ್ ಮಾರುವವರ ಬಂಧನಕ್ಕೆ ಸಿಕ್ಕಿಕೊಳ್ಳುತ್ತ ಹೋಯಿತು. 2011ರಲ್ಲಿ ವಿಎಂವೇರ್ ಸಂಸ್ಕಾರಕದ ಲೆಕ್ಕದ ಜೊತೆಗೆ ವರ್ಚುವಲ್ ಯಂತ್ರಗಳಿಗೆ ಹಂಚಿದ ಸ್ಮೃತಿಯ ಮೇಲೂ ಮಿತಿ ಹೇರುವ ಪರವಾನಗಿ ಪದ್ಧತಿ ತಂದಾಗ, ಒಂದೇ ಯಂತ್ರದಲ್ಲಿ ಹೆಚ್ಚು ಹೆಚ್ಚು ತುಂಬಿರೆಂದು ಉಪದೇಶಿಸಿದವರೇ ತುಂಬಿದ್ದಕ್ಕೆ ದಂಡ ಕೇಳುತ್ತಿದ್ದಾರೆಂದು ಗ್ರಾಹಕರು ರೇಗಿದರು. ಮರುವರ್ಷ ಕಂಪನಿ ಅದನ್ನು ಕೈಬಿಟ್ಟಿತು. ಅಪಾಯವೂ ಒಂದೆಡೆ ಗುಡ್ಡೆಯಾಯಿತು: 2023ರ ಫೆಬ್ರವರಿಯಲ್ಲಿ, ತಿದ್ದುಪಡಿ ಹಚ್ಚದೆ ಬಿಟ್ಟಿದ್ದ, ಇಎಸ್‌ಎಕ್ಸ್‌ನ ಮುಂದಿನ ರೂಪವಾದ ಇಎಸ್‌ಎಕ್ಸ್‌ಐ ಸರ್ವರ್‌ಗಳಿಗೆ ಹಲವು ದೇಶಗಳಲ್ಲಿ ನುಗ್ಗಿದ ಸುಲಿಗೆ ತಂತ್ರಾಂಶ, ಒಂದು ಹೈಪರ್‌ವೈಸರ್ ಹಿಡಿದರೆ ಅದರ ಮೇಲಿನ ಯಂತ್ರಗಳ ಕಡತಗಳೆಲ್ಲಕ್ಕೂ ಒಟ್ಟಿಗೇ ಬೀಗ ಜಡಿಯಬಹುದೆಂದು ತೋರಿಸಿತು. ಅದೇ ವರ್ಷದ ನವೆಂಬರಿನಲ್ಲಿ ವಿಎಂವೇರ್ ಬ್ರಾಡ್‌ಕಾಮ್ ಕಂಪನಿಯ ಪಾಲಾಯಿತು. ಒಮ್ಮೆ ಕೊಂಡರೆ ಸದಾಕಾಲಕ್ಕೂ ಸಲ್ಲುವ ಪರವಾನಗಿಗಳ ಮಾರಾಟವನ್ನು ಹೊಸ ಒಡೆಯರು ಡಿಸೆಂಬರಿನಲ್ಲೇ ನಿಲ್ಲಿಸಿ ಎಲ್ಲರನ್ನೂ ಚಂದಾ ಪದ್ಧತಿಗೆ ತಿರುಗಿಸಿದರು. ಹಳೆಯ ಒಪ್ಪಂದದಂತೆ ಬೆಂಬಲ ಮುಂದುವರಿಸಬೇಕೆಂದು ಅಮೆರಿಕದ ಎಟಿಅಂಡ್‌ಟಿ 2024ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು, ಕೆಲವೇ ತಿಂಗಳಲ್ಲಿ ಆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು.

ಅಂದಿನಿಂದ ಅನೇಕ ಸಂಸ್ಥೆಗಳು ಕೆವಿಎಂ ಆಧಾರಿತ ವ್ಯವಸ್ಥೆಗಳತ್ತ, ಹೈಪರ್-ವಿಯತ್ತ, ಇಲ್ಲವೇ ಬಾಡಿಗೆಯ ಕ್ಲೌಡಿನತ್ತ ಕಣ್ಣು ಹಾಯಿಸಿವೆ. ಯಂತ್ರ ಕಡತವಾಗಿರುವುದರಿಂದ ಅದನ್ನು ಒಂದು ಹೈಪರ್‌ವೈಸರಿನ ನಮೂನೆಯಿಂದ ಮತ್ತೊಂದರ ನಮೂನೆಗೆ ಪರಿವರ್ತಿಸುವುದು ಈಗ ಅಷ್ಟೇನೂ ಕಷ್ಟವಲ್ಲ. ಬ್ಯಾಕಪ್ಪಿನ ಏರ್ಪಾಡು, ಜಾಲದ ನಿಯಮಾವಳಿ, ಎರಡನೆಯ ಕೇಂದ್ರದ ತಾಲೀಮು, ಒಂದೇ ಕಂಪನಿಯ ಉಪಕರಣಗಳಲ್ಲಿ ಪಳಗಿದ ಸಿಬ್ಬಂದಿಯ ಕೈಚಳಕ ಇವನ್ನು ಜೊತೆಗೆ ಸಾಗಿಸುವುದೇ ಕಷ್ಟ. ಸಾವಿರಾರು ಯಂತ್ರಗಳುಳ್ಳ ಸಂಸ್ಥೆಗೆ ಈ ವಲಸೆ ವರ್ಷಗಳನ್ನೇ ಹಿಡಿಯುವ ಕೆಲಸವಾದ್ದರಿಂದ, ಹೊರಡಲು ತೀರ್ಮಾನಿಸಿದವರು ಕೂಡ ನಡುವಿನ ಅವಧಿಗೆಂದು ಹೊಸ ಚಂದಾಕ್ಕೆ ಸಹಿ ಹಾಕಬೇಕಾಗಿ ಬಂದಿದೆ.